ತಕ್ಕಡಿ ಬಾಯಾರು

ಹೋದ ತಿಂಗಳು ಬಾಯಾರ ಮಣ್ಣಿಗೆ ಹೋದಾಗ, ಕಬರಸ್ತಾನದ ಗೋಡೆಯ ಹತ್ತಿರ ನಿಂತಿದ್ದ ಹಳೆಯ ಪರಿಚಯದವರೊಬ್ಬರು ರೂಢಿಯಂತೆ "ಊಟ ಆತೇನ್ರಿ?" ಎಂದು ಕೇಳಿದರು. ನಾನು "ಇಲ್ರಿ" ಎಂದೆ. ಅವರು ಗಾಬರಿಯಾಗಿ ನನ್ನ ಮುಖ ನೋಡಿದರು. ನಮ್ಮ ವಿಜಯಪುರದ ಕಡೆ ಈ ಪ್ರಶ್ನೆಗೆ ಇರುವುದು ಒಂದೇ ಉತ್ತರ: "ಆತ್ರಿ, ನಿಮ್ದು?" ಬೆಳಿಗ್ಗೆ ಹತ್ತಕ್ಕೆ ಕೇಳಿದರೂ ಅದೇ, ಸಂಜೆ ಐದಕ್ಕೆ ಕೇಳಿದರೂ ಅದೇ, ಹೊಟ್ಟೆ ಚುರುಗುಟ್ಟುತ್ತಿದ್ದರೂ ಅದೇ. ಇಲ್ಲವೆಂದರೆ ಕೇಳಿದವರು ಕರೆದುಕೊಂಡು ಹೋಗಿ ಉಣಿಸಬೇಕಾಗುತ್ತದೆ; ಅವರನ್ನು ಆ ಪೇಚಿಗೆ ಸಿಕ್ಕಿಸಬಾರದೆಂದೇ ಎಲ್ಲರೂ ಆತು ಎನ್ನುತ್ತಾರೆ. "ಒಂದಽ ಉತ್ತರ ಇರೋ ಪ್ರಶ್ನಿ ಪ್ರಶ್ನಿ ಅಲ್ಲ ತಮ್ಮಾ, ಅದು ನಮಸ್ಕಾರ," ಎಂದು ನನಗೆ ತಿಳಿಸಿಕೊಟ್ಟವರು ಬಾಯಾರೇ. ಇರಲಿ, ಆ ಪರಿಚಯದವರು ಆಮೇಲೆ ನನ್ನನ್ನು ಬಿಡಲಿಲ್ಲ. ಖಾನಾವಳಿಗೆ ಕರೆದುಕೊಂಡು ಹೋಗಿ ಎರಡು ರೊಟ್ಟಿ ಹಾಕಿಸಿದರು. ಕಣ್ಣು ಒರೆಸಿಕೊಳ್ಳುತ್ತ ಉಂಡೆ.

ನಮ್ಮಲ್ಲಿ ಬಾಯಾರು ಎಂದರೆ ಶಾಲೆ ಕಲಿಸುವ ಹೆಣ್ಣುಮಗಳು. ಇವರು ಒಂದು ದಿನವೂ ಶಾಲೆ ಕಲಿಸಿದವರಲ್ಲ. ನಗರದ ಒಂದು ಆರೋಗ್ಯ ಸಂಶೋಧನಾ ಕಚೇರಿಯಲ್ಲಿ, ಮನೆಮನೆಗೆ ಹೋಗಿ ಜನ ಏನು ಉಣ್ಣುತ್ತಾರೆ, ಎಷ್ಟು ಉಣ್ಣುತ್ತಾರೆ ಎಂದು ತೂಗಿ ಬರೆದುಕೊಳ್ಳುವುದು ಅವರ ಕೆಲಸ. ಕೈಯಲ್ಲಿ ರಿಜಿಸ್ಟರು, ಹೆಗಲಿಗೆ ಚೀಲ, ಮೂಗಿನ ತುದಿಗೆ ಜಾರಿದ ಕನ್ನಡಕ ನೋಡಿ ಯಾವುದೋ ಹಳ್ಳಿಯವರು ಬಾಯಾರು ಎಂದು ಕರೆದರು, ಅದೇ ಉಳಿಯಿತು. ಮನೆಯ ಮಾತು ಉರ್ದು. ಬಾಯಿ ತುಂಬ ಕನ್ನಡ, ಅದೂ ಕಾಯಿಪಲ್ಲೆ ಬಜಾರಿನಲ್ಲಿ ಚೌಕಾಸಿ ಮಾಡಿ ಹದಗೊಂಡ ಕನ್ನಡ. ಅವರ ಚೀಲದಲ್ಲಿ ಒಂದು ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ, ಹಳೆಯ ದುಪಟ್ಟಾದ ತುಂಡಿನಲ್ಲಿ ಸುತ್ತಿದ ಮೂರು ಸ್ಟೀಲಿನ ಬಟ್ಟಲು, ಎರಡು ಚಮಚ, ಮತ್ತು ಒಂದು ರಟ್ಟು. ರಟ್ಟಿನ ಮೇಲೆ ಪೆನ್ಸಿಲಿನಿಂದ ರೊಟ್ಟಿಯ ಅಳತೆಯ ವೃತ್ತಗಳನ್ನು ಬರೆದಿದ್ದರು. ಬಬಲೇಶ್ವರದ ರೊಟ್ಟಿ ಅಗಲ, ತಿಕೋಟಾದ ಕಡೆಯದು ಸ್ವಲ್ಪ ದಪ್ಪ ಎಂದು ಅವರ ವಾದ. ಎರಡೂ ಊರಿನವರು ಇದನ್ನು ಒಪ್ಪುತ್ತಿರಲಿಲ್ಲ.

ತಕ್ಕಡಿ ಇದ್ದರೂ ಅವರಿಗೆ ಅದರ ಅಗತ್ಯ ಅಷ್ಟಾಗಿ ಇರಲಿಲ್ಲ. ಏನನ್ನೇ ಆಗಲಿ ಅಂಗೈ ಮೇಲೆ ಇಟ್ಟುಕೊಂಡು, ಒಂದು ಸಲ ಮೇಲೆ ಕೆಳಗೆ ಆಡಿಸಿ, ಇಷ್ಟು ಗ್ರಾಂ ಎಂದುಬಿಡುತ್ತಿದ್ದರು. ಒಮ್ಮೆ ಕಚೇರಿಯ ಎದುರಿನ ಬಂಡಿಯಲ್ಲಿ ಮಿರ್ಚಿ ಭಜಿ ಕೊಂಡಾಗ ಪಂಥ ಕಟ್ಟಿದೆ. ಅವರು ಭಜಿಯನ್ನು ಕಾಗದದ ಸಮೇತ ಕೈಯಲ್ಲಿ ಆಡಿಸಿ ಐವತ್ತೆರಡು ಎಂದರು, ಚೀಲದಿಂದ ತಕ್ಕಡಿ ತೆಗೆದು ಬಂಡಿಯ ಮೂಲೆಯಲ್ಲೇ ಇಟ್ಟರು. ಐವತ್ತನಾಲ್ಕು ಬಂತು. "ಕಾಗದ ಎಣ್ಣಿ ಕುಡದೈತಿ," ಎಂದು ಅವರು ಸೋಲು ಒಪ್ಪಲಿಲ್ಲ. ಅಳತೆ ಯಂತ್ರ ನೋಡಿ ಬಂಡಿಯವನು, ಇವರು ಮುನ್ಸಿಪಾಲ್ಟಿಯವರಿರಬೇಕೆಂದು ಇನ್ನೆರಡು ಭಜಿ ಪುಕ್ಕಟೆ ಕೊಟ್ಟ. ಅವನ್ನು ಬಾಯಾರು ಮುಟ್ಟಲಿಲ್ಲ, ನಾನು ತಿಂದೆ.

ಇನ್ನೊಮ್ಮೆ ಅವರದೇ ಊಟದ ಡಬ್ಬಿಯನ್ನು, ಅವರು ಕೈ ತೊಳೆಯಲು ಹೋದಾಗ, ತಕ್ಕಡಿಯ ಮೇಲೆ ಇಟ್ಟೆ. ಬಂದವರೇ ನನ್ನ ಕೈ ಮೇಲೆ ಒಂದು ಹಾಕಿದರು. "ಊರ ಮಂದಿದು ತೂಗಾಕ ಪಗಾರ ಕೊಡ್ತಾರ. ನಂದು ತೂಗಾಕ ನಿನಗ ಯಾರ ಕೊಡ್ತಾರ?" ಡಬ್ಬಿಯಲ್ಲಿ ಒಂದೂವರೆ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ ಇತ್ತು. ಅರ್ಧ ಬದನೆಕಾಯಿ ಯಾವಾಗಲೂ ನನಗೆ. ನನ್ನ ತಾಯಿಯ ಕೈಯ ಎಣ್ಣೆಗಾಯಿಗಿಂತ ಅದು ಚೆನ್ನಾಗಿರುತ್ತಿತ್ತು ಎಂಬುದನ್ನು ಈಗ ಬರೆಯಬಹುದು, ನನ್ನ ತಾಯಿ ಇಂಥದ್ದನ್ನೆಲ್ಲ ಓದುವುದಿಲ್ಲ.

ನಾನು ಸಂಖ್ಯಾಶಾಸ್ತ್ರ ಓದಿ ಆ ಕಚೇರಿ ಸೇರಿದವನು. ತೊರವಿಯಿಂದ ದಿನಾ ಬೈಕಿನಲ್ಲಿ ಬಂದು ಹೋಗುತ್ತಿದ್ದೆ. ಹೈಸ್ಕೂಲಿನ ಮಕ್ಕಳು ಫೋನಿನಲ್ಲೇ ತುಂಬುವಂಥ ಆಹಾರದ ಪ್ರಶ್ನಾವಳಿಯೊಂದನ್ನು ತಯಾರಿಸುವುದು ನನ್ನ ಕೆಲಸ. ಅದು ನಿಜ ಹೇಳುತ್ತದೋ ಇಲ್ಲವೋ ಎಂದು ನೋಡುವುದು ಬಾಯಾರ ಕೆಲಸ. ಮಗು ಫೋನಿನಲ್ಲಿ ತುಂಬಿದ್ದನ್ನು ಒಂದು ಕಡೆ ಇಡುವುದು. ಅದೇ ವಾರ ಬಾಯಾರು ಆ ಮಗುವಿನ ತಾಟಿಗೆ ಬಿದ್ದದ್ದನ್ನೆಲ್ಲ ತೂಗಿ ಬರೆದದ್ದನ್ನು ಇನ್ನೊಂದು ಕಡೆ ಇಡುವುದು. ಎರಡೂ ಹೊಂದಿದರೆ ಪ್ರಶ್ನಾವಳಿ ಪಾಸು, ಉಳಿದ ಶಾಲೆಗಳಿಗೂ ಹೋಗುತ್ತದೆ, ನನ್ನ ನೌಕರಿ ಮುಂದುವರಿಯುತ್ತದೆ. ಹೊಂದದಿದ್ದರೆ ಮಾರ್ಚಿಗೆ ಪ್ರಶ್ನಾವಳಿಯೂ ಮನೆಗೆ, ನಾನೂ ಮನೆಗೆ. ತಕ್ಕಡಿಯೇ ತಪ್ಪಬಹುದು ಎಂಬುದು ಯಾರ ತಲೆಯಲ್ಲೂ ಇರಲಿಲ್ಲ. ತಕ್ಕಡಿ ಹೇಳಿದ್ದೇ ಖರೆ. ಫೋನು ಅದಕ್ಕೆ ಹೊಂದಿಕೊಳ್ಳಬೇಕು.

ಮೊದಲ ದಿನ ನನ್ನ ಪ್ರಶ್ನಾವಳಿಯನ್ನು ಹೆಮ್ಮೆಯಿಂದ ಅವರ ಮುಂದೆ ಹಿಡಿದೆ. ಹೊರದೇಶದ್ದೊಂದನ್ನು ಎದುರಿಗಿಟ್ಟುಕೊಂಡು ಮಾಡಿದ್ದು, ಬಣ್ಣದ ಚಿತ್ರಗಳಿದ್ದವು. ಅವರು ಕನ್ನಡಕ ಏರಿಸಿ, ಬೆರಳಿನಿಂದ ಫೋನು ಉಜ್ಜುತ್ತ ಕೊನೆಯವರೆಗೂ ನೋಡಿದರು.

"ತಮ್ಮಾ, ಬ್ರೆಡ್ಡಿನ ನಡುವ ತಪ್ಪಲಾ ಇಟ್ಟಾರಲ್ಲ, ಏನಿದು?"

"ಸ್ಯಾಂಡ್‌ವಿಚ್ ರೀ."

"ಇದನ್ನ ವಾರಕ್ಕ ಎಷ್ಟ ಸಲ ತಿಂತಿ ಅಂತ ಕಳ್ಳಕವಟಗಿ ಹಳ್ಳಿ ಹುಡುಗಿಗೆ ಕೇಳಾಂವ ನೀ?"

"ಹೌದ್ರಿ."

"ಶೇಂಗಾ ಹಿಂಡಿ ಎಲ್ಲೈತಿ?"

ಶೇಂಗಾದ ಚಟ್ನಿಪುಡಿ ನನ್ನ ಫಾರ್ಮಿನಲ್ಲಿ ಎಲ್ಲೂ ಇರಲಿಲ್ಲ. ದಿನಾ ಎರಡು ಹೊತ್ತು ಅದನ್ನೇ ಹಚ್ಚಿಕೊಂಡು ಉಣ್ಣುವವನು ನಾನು. ಬರೆಯಲು ಕೂತಾಗ ಅದೂ ಊಟವೆಂಬುದು ನೆನಪಾಗಿರಲಿಲ್ಲ. "ಕಚೇರ್ಯಾಗ ಕುಂತ ಮಾಡಬ್ಯಾಡ. ನಿಮ್ಮವ್ವನ ಅಡಗಿಮನ್ಯಾಗ ಕುಂತ ಮಾಡ," ಎಂದರು. ಎರಡು ವಾರ ಹಾಗೆಯೇ ಮಾಡಿದೆ. ಮಗ ಕೊನೆಗೂ ಅಡುಗೆ ಕಲಿಯುತ್ತಿದ್ದಾನೆಂದು ನಮ್ಮವ್ವನಿಗೆ ಖುಷಿಯೋ ಖುಷಿ.

ಹಾಗಂತ ಫೋನಿನ ಮೇಲೆ ಅವರಿಗೆ ವಿಶ್ವಾಸ ಬಂದಿತ್ತೆಂದಲ್ಲ. "ಫೋನಿಗೆ ಕಣ್ಣಿಲ್ಲ, ಮೂಗಿಲ್ಲ. ಹುಡುಗೂರು ಬೆರಳಿಗೆ ತಿಳದದ್ದ ಒತ್ತತಾವ. ನಾ ಮುಂದ ಕುಂತಿರ್ತೀನಿ, ನನಗ ಯಾರ ಸುಳ್ಳ ಹೇಳ್ತಾರ?" ಎನ್ನುತ್ತಿದ್ದರು. ಇಪ್ಪತ್ತಾರು ವರ್ಷ ಅವರು ಜನರ ತಾಟಿನ ಮುಂದೆ ಕೂತಿದ್ದರು. ಆ ಕಚೇರಿಯಿಂದ ಹೊರಬಿದ್ದ ಊಟದ ಎಲ್ಲ ವರದಿಗಳಿಗೂ ಅವರ ರಿಜಿಸ್ಟರೇ ಬುನಾದಿ. ಅವರಿಗೂ ಅದೇ ಮಾರ್ಚಿಗೆ ನಿವೃತ್ತಿ. ಬಿಟ್ಟುಹೋಗುವ ಮುನ್ನ ಫೋನಿನ ಫಾರ್ಮೊಂದನ್ನು ಫೇಲು ಮಾಡಿ ಹೋಗುತ್ತೇನೆಂದು ಚೇಷ್ಟೆ ಮಾಡುತ್ತಿದ್ದರು. ನನಗೆ ಆ ಚೇಷ್ಟೆ ಅಷ್ಟೇನೂ ಹಿಡಿಸುತ್ತಿರಲಿಲ್ಲ.

ಮೊದಲ ಪರೀಕ್ಷೆ ಬಬಲೇಶ್ವರದ ಒಂದು ಹುಡುಗಿಯರ ಹಾಸ್ಟೆಲಿನಲ್ಲಿ ಆಯಿತು. ರಂಜಾನ್ ತಿಂಗಳು. ಬಾಯಾರು ಒಂದು ದಿನವೂ ರೋಜಾದ ಉಪವಾಸ ತಪ್ಪಿಸುವವರಲ್ಲ. ಬೆಳಗಿನ ಉಪ್ಪಿಟ್ಟಿನಿಂದ ಹಿಡಿದು ಮಧ್ಯಾಹ್ನದ ಸಾರು ಅನ್ನದವರೆಗೆ ಪ್ರತಿ ತಾಟನ್ನೂ ತೂಗುತ್ತಿದ್ದರು, ಅವರ ಬಾಯಿಗೆ ಒಂದು ಹನಿ ನೀರಿಲ್ಲ. ಅಡುಗೆಮನೆಯ ಕಾವಿಗೆ ಅವರ ತುಟಿ ಒಣಗಿದ್ದನ್ನು ನೋಡಿ ಒಬ್ಬ ಹುಡುಗಿ ಕೇಳಿದಳು: "ಬಾಯಾರ, ನಿಮಗ ಹಸಿವಿ ಆಗಂಗಿಲ್ಲೇನ್ರಿ, ಇಷ್ಟೆಲ್ಲಾ ಮುಟ್ಟಿ ಮುಟ್ಟಿ ಇಡಾಕತ್ತೀರಿ?"

"ಆಗತೈತಿ ಯವ್ವಾ. ಆದ್ರ ಇವತ್ತ ನನ್ನ ಫಾರ್ಮ್ ಖಾಲಿ. ನಿಂದ ಹೇಳ, ಉಪ್ಪಿಟ್ಟ ಎರಡನೇ ಸಲ ಹಾಕಿಸಿಕೊಂಡ್ಯೋ ಇಲ್ಲೋ?"

ಹುಡುಗಿಯರೆಲ್ಲ ನಕ್ಕರು. ಸಂಜೆ ರೋಜಾ ಬಿಡುವ ಹೊತ್ತಿಗೆ ಆ ಹುಡುಗಿಯರೇ ಎಲ್ಲಿಂದಲೋ ನಾಲ್ಕು ಖರ್ಜೂರ ತಂದು ಅವರ ಕೈಗೆ ಇಟ್ಟರು. ಅವರು ರೂಢಿಯ ಪ್ರಕಾರ ಅಂಗೈಯಲ್ಲಿ ಆಡಿಸಿ, ಮೂವತ್ತೆರಡು ಗ್ರಾಂ ಎಂದು ಹೇಳಿಯೇ ತಿಂದರು.

ಹಾಸ್ಟೆಲಿನ ಲೆಕ್ಕದಲ್ಲಿ ನನ್ನ ಫಾರ್ಮೂ ಅವರ ತಕ್ಕಡಿಯೂ ಚೆನ್ನಾಗಿಯೇ ಹೊಂದಿದವು. ನಾನು ಹಿಗ್ಗಿದೆ. ಅವರು, "ಇದು ಒಂದಽ ಗುಂಡ್ಯಾಗ ಬೆಂದ ಊಟ, ಯಾರ ಬೇಕಾದ್ರೂ ಹೇಳ್ತಾರ. ಮನಿಗೆ ಹೋಗೂಣು ತಡಿ," ಎಂದರು.

ಮನೆಗಳಿಗೆ ಹೋದದ್ದು ಮರುವರ್ಷದ ಜನವರಿಯಲ್ಲಿ, ತಿಕೋಟಾದ ಸುತ್ತಿನ ಹಳ್ಳಿಗಳಲ್ಲಿ. ಬಡತನದ ಊರುಗಳಲ್ಲ, ದ್ರಾಕ್ಷಿ ತೋಟ, ನಿಂಬೆ ತೋಟ, ಎಮ್ಮೆ, ಪಡಸಾಲೆಯಲ್ಲಿ ದೊಡ್ಡ ಟಿ.ವಿ. ಇದ್ದ ಮನೆಗಳು. ನಾಳೆ ಬಾಯಾರು ಬರುತ್ತಾರೆ ಎಂದು ಹಿಂದಿನ ದಿನ ನಾನೇ ಮನೆಯವರ ಫೋನಿಗೆ ಮೆಸೇಜು ಕಳಿಸುತ್ತಿದ್ದೆ. ಬೆಳಿಗ್ಗೆ ಬೈಕಿನ ಹಿಂದೆ ಅವರನ್ನು ಕೂರಿಸಿಕೊಂಡು ಹೋಗುವುದು. ಅವರು ಅಡುಗೆಮನೆಯ ಹೊಸ್ತಿಲ ಹೊರಗೆ ಒಂದು ಗಳಿಗೆ ನಿಲ್ಲುತ್ತಿದ್ದರು. ಒಳಗಿನಿಂದ "ಬರ್ರಿ ಬಾಯಾರ" ಎಂದ ಮೇಲೆಯೇ ದಾಟುತ್ತಿದ್ದರು. ಒಂದು ಮನೆಯಲ್ಲೂ ಅವರನ್ನು ಹೊರಗೆ ನಿಲ್ಲಿಸಿದ್ದು ನಾನು ನೋಡಲಿಲ್ಲ. ಗಂಡಸಾದ ನಾನು ಮಾತ್ರ ಪಡಸಾಲೆಯಲ್ಲಿ ಕೂತು ವಾಸನೆಯ ಮೇಲೆಯೇ ಅಡುಗೆ ಏನೆಂದು ಊಹಿಸಬೇಕು. ವಾಸನೆ ಬಹಳ ಚೆನ್ನಾಗಿರುತ್ತಿತ್ತು. ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ.

ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿದೆ. ಒಂದಕ್ಕೊಂದು ಸಂಬಂಧವೇ ಇಲ್ಲ. ಕಳ್ಳಕವಟಗಿಯ ಭಾಗ್ಯಶ್ರೀ ಎಂಬ ಹತ್ತನೆಯ ತರಗತಿಯ ಹುಡುಗಿ, ಬೆಳಿಗ್ಗೆ ಏನು ತಿನ್ನುತ್ತೀ ಎಂದರೆ ವಾರದ ಆರು ದಿನವೂ ಏನೂ ಇಲ್ಲ ಎಂದು ಫೋನಿನಲ್ಲಿ ಒತ್ತಿದ್ದಳು. ಬಾಯಾರ ರಿಜಿಸ್ಟರಿನಲ್ಲಿ ಅದೇ ಹುಡುಗಿಯ ಬೆಳಗಿನ ಊಟ ಎರಡು ರೊಟ್ಟಿ, ತತ್ತಿ, ಮೊಸರು, ಮೇಲೊಂದು ಶೇಂಗಾ ಹೋಳಿಗೆ. ಉಳಿದ ಮಕ್ಕಳದೂ ಹೆಚ್ಚುಕಡಿಮೆ ಇದೇ ಹಣೆಬರಹ: ಫೋನಿನಲ್ಲಿ ಒಂದೆರಡು ತುತ್ತು, ರಿಜಿಸ್ಟರಿನಲ್ಲಿ ತುಂಬಿದ ತಾಟು. ನನ್ನ ನೌಕರಿಯ ಹಣೆಬರಹ ನಾನೇ ಓದಿದೆ.

"ಹೇಳಿದ್ದೆನಿಲ್ಲೋ?" ಎಂದು ಬಾಯಾರು ಗೆದ್ದ ನಗೆ ನಕ್ಕರು. ಆಮೇಲೆ ನನ್ನ ಮುಖ ನೋಡಿ ಪಾಪವೆನ್ನಿಸಿತೋ ಏನೋ, ತಮ್ಮ ಡಬ್ಬಿಯ ಇಡೀ ಬದನೆಕಾಯಿಯನ್ನು ನನಗೇ ಕೊಟ್ಟರು.

ಮರುದಿನ ಅವರು ಕಚೇರಿಗೆ ಬಂದಾಗ ನಗೆ ಇರಲಿಲ್ಲ. ರಿಜಿಸ್ಟರನ್ನು ಮೇಜಿನ ಮೇಲೆ ಹಾಕಿ, ಪುಟ ತಿರುವಿ ತಿರುವಿ ತೋರಿಸಿದರು.

"ತಮ್ಮಾ, ಜನವರಿ ಮೂರನೇ ವಾರದಾಗ ಯಾವ ಹಬ್ಬ ಐತಿ?"

"ಸಂಕ್ರಮಣ ಮುಗದಿತ್ರಿ. ಯಾವ ಹಬ್ಬನೂ ಇಲ್ಲ."

"ಮತ್ತ ಏಳು ಮನ್ಯಾಗ ಹೋಳಿಗಿ ಹೆಂಗ ಬಂತು? ಸೋಮವಾರ ಒಂದ ಮನಿ, ಮಂಗಳವಾರ ಒಂದ ಮನಿ. ನಾ ಹೋದ ದಿನ, ಹೋದ ಮನ್ಯಾಗಽ ಹಬ್ಬ." ಕನ್ನಡಕ ತೆಗೆದು ಕಣ್ಣು ತಿಕ್ಕಿಕೊಂಡರು. "ಅದಽ ಫಾರ್ಮ್, ಅದಽ ತಕ್ಕಡಿ. ಹಾಸ್ಟೆಲ್‌ದಾಗ ಹೊಂದೈತಿ, ಮನ್ಯಾಗ ಹೊಂದಿಲ್ಲ. ಬ್ಯಾರೆ ಆಗಿದ್ದೇನ? ಹಾಸ್ಟೆಲ್ ಅಡಗಿಯವಗ ನಾ ಯಾರೂ ಅಲ್ಲ. ಮನ್ಯಾಗ ನಾ ಬೀಗತಿ ಬಂದಂಗ."

ಹೇಳಿ ಹೋದರೆ ನಮ್ಮ ಕಡೆಯ ಯಾವ ಮನೆಯಲ್ಲಿ ಬರೀ ರೊಟ್ಟಿ ಹಿಂಡಿ ಇಟ್ಟು ಸುಮ್ಮನಿರುತ್ತಾರೆ? ಆ ತಾಯಂದಿರು ಸುಳ್ಳು ಹೇಳಿರಲಿಲ್ಲ. ಮನೆಗೆ ಬರುವವರನ್ನು ಹೇಗೆ ಬರಮಾಡಿಕೊಳ್ಳಬೇಕೋ ಹಾಗೆ ಬರಮಾಡಿಕೊಂಡಿದ್ದರು. ಬಾಯಾರು ಅದನ್ನು ಗ್ರಾಂ ಲೆಕ್ಕದಲ್ಲಿ ಬರೆದುಕೊಂಡು ಬಂದಿದ್ದರು.

"ನಾಳೆ ಹೇಳದಽ ಹೋಗೂಣು," ಎಂದರು. "ತಕ್ಕಡಿ ಬ್ಯಾಡ. ಬರೀ ನೋಡಿ ಬರೂಣು."

ಚಳಿಯ ಬೆಳಿಗ್ಗೆ ಆರೂವರೆಗೆ ಕಳ್ಳಕವಟಗಿ ಮುಟ್ಟಿದೆವು. ಮನೆಗೆ ಹೋಗುವ ಅಗತ್ಯ ಬೀಳಲಿಲ್ಲ. ಬಸ್ಸು ನಿಲ್ಲುವ ಬೇವಿನ ಮರದ ಕಡೆಗೆ ಭಾಗ್ಯಶ್ರೀ ಶಾಲೆಯ ಚೀಲ ಹಾಕಿಕೊಂಡು ಬರುತ್ತಿದ್ದಳು. ತಿಕೋಟಾದಲ್ಲಿ ಅವಳಿಗೆ ಏಳೂವರೆಗೆ ಸ್ಪೆಷಲ್ ಕ್ಲಾಸು. ಮರದ ಆಚೆ ಒಂದು ಎಮ್ಮೆ ಕಟ್ಟಿತ್ತು. ಹುಡುಗಿ ಅತ್ತಿತ್ತ ನೋಡಿ, ಚೀಲದಿಂದ ಕಾಗದದಲ್ಲಿ ಸುತ್ತಿದ ಎರಡು ರೊಟ್ಟಿ ತೆಗೆದು ಎಮ್ಮೆಯ ಬಾಯಿಗೆ ಹಿಡಿದಳು. ಎಮ್ಮೆ ಕಾದಿದ್ದಂತೆ ತಿಂದಿತು. ಆಮೇಲೆ ಪಕ್ಕದ ಅಂಗಡಿಯಲ್ಲಿ ಖಾರದ ಕುರುಕಲಿನ ಒಂದು ಪಾಕೀಟು ಕೊಂಡಳು.

ಬಾಯಾರು ನಿಧಾನವಾಗಿ ಹೋಗಿ ಅವಳ ಪಕ್ಕ ನಿಂತರು. "ಭಾಗ್ಯಾ, ಈ ಎಮ್ಮಿ ದಿನಾ ಎಷ್ಟ ರೊಟ್ಟಿ ತಿಂತೈತಿ?"

ಹುಡುಗಿ ಪಾಕೀಟನ್ನು ಬೆನ್ನ ಹಿಂದೆ ಮುಚ್ಚಿಟ್ಟಳು. "ಎರಡ್ರಿ," ಎಂದಳು.

"ಆವತ್ತ ನನ್ನ ಮುಂದ ನೀನಽ ಉಂಡೆಲ್ಲ?"

"ನೀವೂ ನೋಡಾಕತ್ತಿದ್ರಿ, ಅವ್ವನೂ ನೋಡಾಕತ್ತಿದ್ಲು. ನುಂಗಿದ್ನಿ."

"ಮತ್ತ ಫೋನಿನ್ಯಾಗ ಯಾಕ ಖರೇ ಬರದಿ?"

"ಫೋನ್ ಬೈಯಂಗಿಲ್ಲಲ್ರಿ ಬಾಯಾರ."

ಬಸ್ಸಿನ ಸದ್ದು ಕೇಳಿಸಿತು. ಹುಡುಗಿ ಅವರ ಕೈ ಹಿಡಿದುಕೊಂಡಳು. "ಅವ್ವಗ ಹೇಳಬ್ಯಾಡ್ರಿ. ಐದಕ್ಕ ಎದ್ದ ರೊಟ್ಟಿ ಬಡೀತಾಳ್ರಿ ಆಕಿ."

"ನಾ ಹೇಳೂದಿಲ್ಲ. ಹೇಳೂದಾದ್ರ ನೀನಽ ಹೇಳಬೇಕ," ಎಂದು ಅವಳನ್ನು ಬಸ್ಸು ಹತ್ತಿಸಿದರು.

ಹಿಂತಿರುಗುವಾಗ ವಿಜಯಪುರ ಹತ್ತಿರ ಬಂದ ಮೇಲೆ ಬಾಯಾರು, ಬೈಕು ನಿಲ್ಲಿಸು ಎಂದರು. ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತರು.

"ಇಪ್ಪತ್ತಾರು ವರ್ಷ ತಮ್ಮಾ. ನಾ ಊಟ ತೂಗೇನಿ ಅಂದ್ಕೊಂಡಿದ್ದೆ. ಮಂದಿ ಮರ್ಯಾದಿ ತೂಗೇನಿ."

ನಾನು ಒಂದು ಮಾತು ಒಪ್ಪಿಕೊಳ್ಳಬೇಕು. ಆ ಹೊತ್ತಿಗೆ ನನ್ನೊಳಗೆ ಸಂತೋಷ ಕುಣಿಯುತ್ತಿತ್ತು. ನನ್ನ ಫಾರ್ಮು ಗೆದ್ದಿತ್ತು, ನನ್ನ ನೌಕರಿ ಉಳಿಯುವ ದಾರಿ ಕಂಡಿತ್ತು. ಎದುರಿಗೆ ಒಂದು ಜೀವ ತನ್ನ ಇಡೀ ಕೆಲಸವನ್ನೇ ಅನುಮಾನದಿಂದ ನೋಡಿಕೊಳ್ಳುತ್ತ ಕೂತಿರುವಾಗ ನಾನು ಮನಸ್ಸಿನಲ್ಲೇ ಪೇಡೆ ಹಂಚುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅವರಿಗೆ ಅದು ಗೊತ್ತಾಗಿತ್ತು. ಎದ್ದು ಮೊಣಕಾಲು ಝಾಡಿಸಿಕೊಂಡು, "ನಕ್ಕೊಂಡ ಬಿಡ, ಹೊಟ್ಟ್ಯಾಗ ಇಟ್ಕೋಬ್ಯಾಡ," ಎಂದರು.

ಆ ವಾರವೇ ಕಚೇರಿಯ ಮುಖ್ಯಸ್ಥರಾದ ಡಾಕ್ಟರ್ ಸಾಹೇಬರ ಮುಂದೆ ಮೀಟಿಂಗು. ಬಾಯಾರು ಎದ್ದುನಿಂತು ಎಲ್ಲವನ್ನೂ ಹೇಳಿದರು. ಭಾಗ್ಯಶ್ರೀಯ ಹೆಸರನ್ನು ಮಾತ್ರ ಎತ್ತಲಿಲ್ಲ. ಸಾಹೇಬರು ಕೆಟ್ಟವರಲ್ಲ. ಬಾಯಾರ ಮೇಲೆ ಅವರಿಗೆ ಬಹಳ ಗೌರವ. ಆ ಗೌರವದಿಂದಲೇ ಅವರು ಒಂದು ದಾರಿ ಸೂಚಿಸಿದರು.

"ಬಾಯಾರ, ಹೋಳಿಗಿ ಮಾಡಿದ ಏಳು ಮನಿ ಲೆಕ್ಕದಿಂದ ತಗದ ಬಿಡೂಣು. ಉಳದಿದ್ದ ಇರ್ಲಿ. ಮಾರ್ಚಿಗೆ ನೀವು ನಿವೃತ್ತಿ ಆಗಾವ್ರು, ಈಗ ಯಾಕ ಇದೆಲ್ಲಾ?"

"ಏಳು ಅಲ್ರಿ ಸಾಹೇಬ್ರ. ನಾ ಹೇಳಿ ಹೋದ ಮನಿ ಅಷ್ಟೂ."

"ಅಷ್ಟೂ ಅಂದ್ರ, ಹಿಂದಿನ ಸರ್ವೆ?"

"ಅವೂ."

ಸಾಹೇಬರು ಪೆನ್ನು ಕೆಳಗಿಟ್ಟರು. ಹಿಂದಿನ ವರದಿಗಳಲ್ಲಿ ಅವರ ಹೆಸರೂ ಇತ್ತು. "ನಿಮ್ಮ ಹೆಸರು ಕೆಡತೈತ್ರಿ ಬಾಯಾರ," ಎಂದರು ಕೊನೆಗೆ.

"ಕೆಟ್ಟರ ಕೆಡ್ಲಿ ಬಿಡ್ರಿ. ತಕ್ಕಡಿ ಖರೆ ಅಂತ ಬರದ್ರ ಆ ಹುಡುಗೂರು ಸುಳ್ಳಗಾರರು ಅಂದಂಗ ಆಗತೈತಿ. ಅವು ಫೋನಿಗೆ ಖರೇ ಹೇಳ್ಯಾವ. ನನ್ನ ಹೆಸರ ಉಳಸಾಕ ಹೋಗಿ ಅವನ್ನ ಸುಳ್ಳ ಮಾಡಬ್ಯಾಡ್ರಿ."

ಅಳುತ್ತಾರೇನೋ ಎಂದು ನಾನು ತಲೆ ತಗ್ಗಿಸಿದೆ. ಅವರು ಅಳಲಿಲ್ಲ, ರಿಜಿಸ್ಟರಿನ ಆ ಪುಟಗಳ ಮೇಲೆ ಅಡ್ಡಗೆರೆ ಎಳೆದು, "ನನ್ನ ಅಳತಿ ತಪ್ಪೈತಿ" ಎಂದು ಬರೆದು, ಕೆಳಗೆ ತಾರೀಖು ಹಾಕಿ ರುಜು ಮಾಡಿ ಸಾಹೇಬರ ಮುಂದೆ ಸರಿಸಿದರು. ಆಮೇಲೆ, ಮಾರ್ಚಿನ ತನಕ ತಿಕೋಟಾದ ಮನೆಗಳನ್ನೆಲ್ಲ ಮತ್ತೆ ತೂಗಲು ಅವಕಾಶ ಕೇಳಿದರು. ಸಾಹೇಬರು ಇಲ್ಲವೆನ್ನಲಿಲ್ಲ.

ಈ ಸಲ ಮನೆಯವರಿಗೆ ಹೇಳಿದ್ದು ಇಷ್ಟೇ: ಈ ತಿಂಗಳಲ್ಲಿ ಯಾವತ್ತೋ ಒಂದು ದಿನ ಬರುತ್ತೇವೆ, ಯಾವತ್ತೆಂದು ಹೇಳುವುದಿಲ್ಲ, ನಡೆದೀತೇ? ಎಲ್ಲರೂ ನಕ್ಕು ಒಪ್ಪಿದರು. ಆದರೆ ದಿನ ಮುಚ್ಚಿಟ್ಟರಷ್ಟೇ ಸಾಲದು, ಕೂತ ಕೂಡಲೇ ಬಾಯಾರು ಬೀಗತಿಯಾಗಿಬಿಡುತ್ತಿದ್ದರು. ಅದಕ್ಕೆ ಅವರೇ ಉಪಾಯ ಹುಡುಕಿದರು. ಒಳಗೆ ಕಾಲಿಟ್ಟವರೇ ಮೊರ ಎಳೆದುಕೊಂಡು ಜೋಳ ಹಸನು ಮಾಡಲು ಕೂರುವುದು, ಮೆಂತ್ಯಪಲ್ಲೆಯ ಎಲೆ ಬಿಡಿಸಿ ಸೋಸುವುದು, ಬೆಳ್ಳುಳ್ಳಿ ಸುಲಿಯುವುದು. ಕೆಲಸ ಮಾಡುವವರ ಮುಂದೆ ಯಾರೂ ಬಹಳ ಹೊತ್ತು ಉಪಚಾರ ಮಾಡಲಾರರು. ಅರ್ಧ ತಾಸಿನಲ್ಲಿ ಮನೆ ತನ್ನ ಪಾಡಿಗೆ ತಾನು ಮರಳುತ್ತಿತ್ತು. ಅತ್ತೆ ಸೊಸೆಯನ್ನು ಗದರುವುದೂ ಶುರುವಾಗುತ್ತಿತ್ತು. ಆಗ ಬಾಯಾರು ಮೆಲ್ಲಗೆ ತಕ್ಕಡಿ ಹೊರಗೆ ತೆಗೆಯುತ್ತಿದ್ದರು. ವಯಸ್ಸು ಅರವತ್ತರ ಹತ್ತಿರ. ದಿನಾ ಸಂಜೆ ಬೈಕಿನಿಂದ ಇಳಿಯುವಾಗ ಸೊಂಟ ಹಿಡಿದುಕೊಂಡು ಯಾ ಅಲ್ಲಾ ಎನ್ನುತ್ತಿದ್ದರು. ಒಂದು ದಿನವೂ ರಜೆ ಹಾಕಲಿಲ್ಲ.

ಹೊಸ ಲೆಕ್ಕದಲ್ಲಿ ನನ್ನ ಫಾರ್ಮು ಬೆಳಗಿನ ಊಟದ ವಿಷಯದಲ್ಲಿ ಸರಿಯಾಗಿತ್ತು. ಎಣ್ಣೆ, ಹಿಂಡಿ, ಮೊಸರಿನ ವಿಷಯದಲ್ಲಿ ಅದೂ ತಪ್ಪೇ. ಅವುಗಳನ್ನು ಬಾಯಾರು ಕೂತು ತಿದ್ದಿಸಿದರು. ತಿದ್ದಿದ ಫಾರ್ಮು ಪಾಸಾಯಿತು, ನನ್ನ ನೌಕರಿ ಉಳಿಯಿತು. ಸಾಹೇಬರು ಹಳೆಯ ವರದಿಗಳಿಗೆಲ್ಲ, ಈ ಅಳತೆಗಳನ್ನು ಮನೆಯವರಿಗೆ ಮೊದಲೇ ತಿಳಿಸಿ ತೆಗೆದುಕೊಳ್ಳಲಾಗಿದೆ ಎಂಬ ಟಿಪ್ಪಣಿ ಸೇರಿಸಿದರು. ಅದು ಅವರ ದೊಡ್ಡತನ.

ಆ ಓಡಾಟದ ಒಂದು ಬೆಳಿಗ್ಗೆಯ ಮಾತು ಉಳಿದಿದೆ. ಭಾಗ್ಯಶ್ರೀಯ ಮನೆಗೆ ಹೋದದ್ದು ಕೊನೆಗೆ. ಬಾಯಾರು ಬೇಕೆಂದೇ ಅದನ್ನು ಹಿಂದೆ ಹಾಕುತ್ತ ಬಂದಿದ್ದರೆಂದು ನನ್ನ ಎಣಿಕೆ. ಆರು ಗಂಟೆಗೆ ಹೋದೆವು. ನಾನು ಪಡಸಾಲೆಯಲ್ಲಿ ಕೂತೆ. ಒಳಗೆ ರೊಟ್ಟಿ ಬಡಿಯುವ ಸದ್ದು, ಬಾಯಾರು ಪಲ್ಲೆ ಸೋಸುತ್ತ ಅವಳ ತಾಯಿಯೊಂದಿಗೆ ಆಡುತ್ತಿದ್ದ ಹರಟೆ ಎಲ್ಲ ಕೇಳಿಸುತ್ತಿತ್ತು.

"ಏ ಭಾಗ್ಯಾ, ಬಾ. ಬಿಸೇವು ಅದಾವ. ಬಾಯಾರು ತೂಗ್ತಾರಂತ," ಎಂದಳು ತಾಯಿ.

ಆಮೇಲೆ ಹುಡುಗಿಯ ಧ್ವನಿ: "ನನಗ ಬ್ಯಾಡ ಬೇ."

"ಬ್ಯಾಡ ಅಂದ್ರ? ಬಾಯಾರು ಕುಂತಾರಿಲ್ಲಿ!"

"ಅವರು ಕುಂತಾರಂತನಽ ಹೇಳಾಕತ್ತೇನಿ. ಮುಂಜಾನೆ ಆರಕ್ಕ ನನಗ ರೊಟ್ಟಿ ಇಳಿಯಂಗಿಲ್ಲ. ನೀ ಕಟ್ಟಿ ಕೊಡೂದನ್ನ ದಿನಾ ಎಮ್ಮಿಗೆ ಹಾಕ್ತೀನಿ."

ರೊಟ್ಟಿ ಬಡಿಯುವ ಸದ್ದು ನಿಂತುಹೋಯಿತು.

"ಎಮ್ಮಿಗಿ? ಯಾರ ಎಮ್ಮಿಗಿ?"

"ಬಸ್‌ಸ್ಟ್ಯಾಂಡ್ ಕಡೆ ಕಾಕಾರ ಎಮ್ಮಿಗಿ."

"ಅದಕ್ಕಽ ಆ ಎಮ್ಮಿ ಅಷ್ಟ ಮೈ ತುಂಬಿಕೊಂಡೈತಿ!" ಎಂದವಳ ಧ್ವನಿ ಅಲ್ಲಿಗೇ ಒಡೆಯಿತು. "ಐದಕ್ಕ ಎದ್ದ ಹಿಟ್ಟ ನಾದಿ ನಾ ಬಡದದ್ದ ಎಮ್ಮಿಗಿ ಹಾಕ್ತಿಯೇನ ಬೇ? ಮತ್ತ ನೀ ಏನ ತಿಂತಿ? ಬಾಯಿ ಬಿಟ್ಟ ಹೇಳಾಕ ಏನಾಗಿತ್ತ ನಿನಗ?"

"ನೀ ಯಾವತ್ತರ ಕೇಳಿಯೇನ? ಉಣ್ಣ ಉಣ್ಣ ಅಂತಿ. ಏನ ಉಣ್ತಿ ಅಂತ ಒಂದಿನ ಕೇಳಿಲ್ಲ."

"ಈಗ ಕೇಳಾಕತ್ತೇನಿ, ಹೇಳ!"

"ಚುರುಮುರಿ ಸೂಸಲಾ ಮಾಡ. ಬಾಳೆಹಣ್ಣ ಇಡ. ಬಸ್ಸಿನ್ಯಾಗ ತಿಂತೀನಿ."

"ಬಾಳೆಹಣ್ಣ ತಿಂದ ಸಂಜಿತನಾ ಇರ್ತಾಳಂತ ಇಕಿ!"

ಜಗಳ ಜೋರಾಯಿತು. ಬಾಯಾರು ತೆರೆದ ರಿಜಿಸ್ಟರು ಹಿಡಿದುಕೊಂಡು ಹೊರಗೆ ಬಂದರು. ಭಾಗ್ಯಶ್ರೀಯ ನಂಬರಿನ ಎದುರು, ಬೆಳಗಿನ ಊಟದ ಕಾಲಮಿನಲ್ಲಿ, ಅವರು ಆಗತಾನೇ ಬರೆದ ಒಂದು ಸೊನ್ನೆ ಇತ್ತು. "ಇಪ್ಪತ್ತಾರು ವರ್ಷದಾಗ ನಾ ಬರದ ಮೊದಲನೇ ಸೊನ್ನಿ ತಮ್ಮಾ," ಎಂದು ಅದರ ಮೇಲೆ ಬೆರಳಿಟ್ಟು ತೋರಿಸಿದರು. ಕಣ್ಣಲ್ಲಿ ನೀರಿತ್ತು, ಮುಖ ನಗುತ್ತಿತ್ತು. ಆಮೇಲೆ ಚೀಲ ಹೆಗಲಿಗೆ ಏರಿಸಿ, ನಡಿ ಎಂದು ಸನ್ನೆ ಮಾಡಿದರು.

"ಒಳಗ ಹೇಳಿ ಬರೂದ ಬ್ಯಾಡೇನ್ರಿ?"

"ಯಾರಿಗಿ ಹೇಳ್ತಿ? ನಾವು ಬಂದದ್ದಽ ಅವರಿಗೆ ನೆನಪಿಲ್ಲ."

ನಿಜವೇ. ನಾವು ಅಂಗಳ ದಾಟಿದೆವು, ಬೈಕು ಚಾಲೂ ಮಾಡಿದೆವು, ಒಳಗಿನಿಂದ ಯಾರೂ ಇಣುಕಲಿಲ್ಲ. ಆ ಮನೆಯಲ್ಲಿ ಆವತ್ತು ನಮಗೆ ಒಂದು ಕಪ್ ಚಹಾ ಬೇಕೇ ಎಂದು ಕೂಡ ಯಾರೂ ಕೇಳಲಿಲ್ಲ. ಬೈಕಿನ ಹಿಂದೆ ಕೂತ ಬಾಯಾರು ತಿಕೋಟಾ ಬರುವವರೆಗೂ ಅದನ್ನೇ ಹೇಳಿ ಹೇಳಿ ಸಂತೋಷಪಟ್ಟರು.